ಹಡಗಲಿಯಲ್ಲಿ ಹುಟ್ಟಿದ ಪಾರ್ಟ್‌ಟೈಮ್ ಮೇಷ್ಟ್ರು

1/11

ಎಕನಾಮೆಟ್ರಿಕ್ಸ್‌ನ ಯಾವ ಪಠ್ಯಪುಸ್ತಕ ಬೇಕಾದ್ರೂ ತೆಗೀರಿ. ಎಲ್ಲೋ ಒಂದು ಕಡೆ "ಕ್ರಾಮೇರ್–ರಾವ್" ಅನ್ನೋ ಹೆಸರು ಎದುರಾಗೇ ಆಗುತ್ತೆ. ಕ್ರಾಮೇರ್ ಸ್ವೀಡನ್ನಿನವರು. ರಾವ್ ಎಲ್ಲಿಯವರು ಅಂತ ಎಷ್ಟು ಜನಕ್ಕೆ ಗೊತ್ತು?

ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು. ಹೌದು, ನಮ್ಮ ಮಲ್ಲಿಗೆಯ ಹಡಗಲಿಯೇ. ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಈಗ ವಿಜಯನಗರ ಜಿಲ್ಲೆ. ಪೂರ್ತಿ ಹೆಸರು ಕಲ್ಯಂಪುಡಿ ರಾಧಾಕೃಷ್ಣ ರಾವ್, ಜಗತ್ತಿಗೆ ಸಿ. ಆರ್. ರಾವ್. ಮನೆಮಾತು ತೆಲುಗು. ತಂದೆ ಪೊಲೀಸ್ ಇಲಾಖೆಯವರು, ವರ್ಗ ಆದ ಕಡೆಗೆಲ್ಲ ಸಂಸಾರ ಹೋಗ್ತಿತ್ತು. ಹಾಗಾಗಿ ಓದು ಆಗಿದ್ದೆಲ್ಲ ಆಂಧ್ರದ ಊರುಗಳಲ್ಲಿ. "ನಮ್ಮೋರು" ಅಂತ ಪೂರ್ತಿ ಕಿತ್ಕೊಳ್ಳೋಕೆ ಹೋಗಲ್ಲ, ಆದ್ರೆ ಹುಟ್ಟಿದ ಊರಿನ ಲೆಕ್ಕ ಬಿಡೋದೂ ಇಲ್ಲ.

ಇವತ್ತು ಈ ಸರಣಿ ಬರೀತಿರೋದು ಅವರ ಜೀವನಚರಿತ್ರೆ ಹೇಳೋಕಲ್ಲ. ಅವರ ಹೆಸರು ಹೊತ್ತಿರೋ ಸೂತ್ರ ಹುಟ್ಟಿದಾಗ ಅವರ ಹುದ್ದೆ ಏನಿತ್ತು ಗೊತ್ತಾ? ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪಾರ್ಟ್‌ಟೈಮ್ ಲೆಕ್ಚರರ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ "ಗೆಸ್ಟ್".

ಆ ಪದ ನಮ್ಮ ಕಾಲೇಜುಗಳಲ್ಲಿ ಯಾವ ದನಿಯಲ್ಲಿ ಕೇಳಿಸುತ್ತೆ ಅಂತ ನಿಮಗೆ ಗೊತ್ತೇ ಇದೆ. "ಅವ್ರಾ? ಗೆಸ್ಟ್ ಅಷ್ಟೇ." ಆ "ಅಷ್ಟೇ" ಬಗ್ಗೆ ಸ್ವಲ್ಪ ಇತಿಹಾಸ ನೋಡೋಣ.

2/11

ಮೊದಲು ಎಕನಾಮೆಟ್ರಿಕ್ಸ್ ಅಂದ್ರೆ ಏನು ಅಂತ ಒಂದು ನಿಮಿಷ. ಬಿಕಾಂನಲ್ಲಿ ನಮಗೆ ಕೋರಿಲೇಶನ್, ರಿಗ್ರೆಷನ್ ಹೇಳಿಕೊಡ್ತಾರಲ್ಲ, ಅದರ ದೊಡ್ಡಣ್ಣ ಅಂದ್ಕೊಳ್ಳಿ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತೆ ಅಂತ ಎಕನಾಮಿಕ್ಸ್ ಹೇಳುತ್ತೆ. ಎಷ್ಟು ಏರಿದರೆ ಎಷ್ಟು ಇಳಿಯುತ್ತೆ ಅಂತ ನಿಜವಾದ ಅಂಕಿ-ಅಂಶ ಹಿಡಿದು ಅಳೆಯೋದು ಎಕನಾಮೆಟ್ರಿಕ್ಸ್. ಕನ್ನಡ ಪುಸ್ತಕಗಳಲ್ಲಿ ಅರ್ಥಮಿತಿ ಅಂತಾರೆ.

ಬಿಕಾಂನವರಿಗೆ ಒಂದು ಖುಷಿಯ ವಿಷಯ. ಈ ಪದವನ್ನ ಅಚ್ಚಿನಲ್ಲಿ ಬಳಸಿದ ಮೊದಲಿಗರಲ್ಲಿ ಒಬ್ಬರು ಪಾವೆಲ್ ಚೊಂಪಾ ಅನ್ನೋ ಪೋಲಿಷ್ ಲೇಖಕ, 1910ರಲ್ಲಿ. ಅವರು ಬರೀತಿದ್ದಿದ್ದು ಬುಕ್‌ಕೀಪಿಂಗ್ ಬಗ್ಗೆ! ಅಂದ್ರೆ ಈ ಪದ ಮೊದಲು ಬಂದಿದ್ದು ನಮ್ಮ ಅಕೌಂಟ್ಸ್ ಮನೆಯಿಂದ. ಈಗ ನಾವು ಬಳಸೋ ಅರ್ಥ ಕೊಟ್ಟವರು ನಾರ್ವೆಯ ರಾಗ್ನರ್ ಫ್ರಿಶ್, 1926ರಲ್ಲಿ. 1930ರ ಡಿಸೆಂಬರ್‌ನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಎಕನಾಮೆಟ್ರಿಕ್ ಸೊಸೈಟಿ ಶುರುವಾಯ್ತು. 1933ರಲ್ಲಿ "ಎಕನಾಮೆಟ್ರಿಕಾ" ಪತ್ರಿಕೆ ಬಂತು.

ಈಗ ಒಂದು ಸಣ್ಣ ತೊಂದರೆ ಯೋಚಿಸಿ. 1930ರ ದಶಕದಲ್ಲಿ ಒಂದು ವಿಶ್ವವಿದ್ಯಾಲಯ ಈ ವಿಷಯ ಹೇಳಿಕೊಡಬೇಕು ಅಂದ್ರೆ ಮೇಷ್ಟ್ರನ್ನ ಎಲ್ಲಿಂದ ತರೋದು? ಎಕನಾಮೆಟ್ರಿಕ್ಸ್‌ನಲ್ಲಿ ಡಿಗ್ರಿ ಮಾಡಿದೋರು ಪ್ರಪಂಚದಲ್ಲೇ ಇಲ್ಲ. ಎಕನಾಮಿಕ್ಸ್ ಪ್ರೊಫೆಸರ್‌ಗಳಿಗೆ ಗಣಿತ ಆಗಿಬರಲ್ಲ, ಗಣಿತದವರಿಗೆ ಅಕ್ಕಿ ಬೆಲೆ ಬಗ್ಗೆ ಆಸಕ್ತಿ ಇಲ್ಲ. ಹಾಗಾಗಿ ಹೊರಗೆ ಎಲ್ಲೋ ಅಂಕಿ-ಅಂಶದ ಜೊತೆ ಕೈಕೆಸರು ಮಾಡಿಕೊಂಡು ಕೆಲಸ ಮಾಡ್ತಿರೋರನ್ನ "ವಾರಕ್ಕೆ ಇಷ್ಟು ಹೊತ್ತು ಬಂದು ಪಾಠ ಮಾಡಿ" ಅಂತ ಕರೀಬೇಕಿತ್ತು.

ಹಾಗೆ ಕರೆಸಿಕೊಂಡವರ ಪಟ್ಟಿಯಲ್ಲಿ ಮೊದಲ ನೊಬೆಲ್ ಇದೆ. ಮುಂದಿನ ಸ್ಲೈಡ್.

3/11

ಯಾನ್ ಟಿನ್‌ಬರ್ಗನ್. ನೆದರ್‌ಲ್ಯಾಂಡ್ಸ್‌ನ ಹೇಗ್‌ನಲ್ಲಿ 1903ರಲ್ಲಿ ಹುಟ್ಟಿದ್ದು. ಲೈಡನ್‌ನಲ್ಲಿ ಓದಿದ್ದು ಭೌತಶಾಸ್ತ್ರ. ಆ ದೇಶದಲ್ಲಿ ಕಡ್ಡಾಯ ಸೈನಿಕ ಸೇವೆ ಇತ್ತು, ಇವರು "ಬಂದೂಕು ಹಿಡಿಯಲ್ಲ" ಅಂತ ನಿರಾಕರಿಸಿದರು. ಅದರ ಬದಲಿಗೆ ಮಾಡಬೇಕಿದ್ದ ಸೇವೆಯ ದಾರಿಯಲ್ಲೇ ಸರ್ಕಾರದ ಅಂಕಿ-ಅಂಶ ಕಚೇರಿಗೆ ಬಂದು ಸೇರಿದರು. 1929ರಿಂದ ಅದೇ ಅವರ ಕಾಯಂ ಕೆಲಸ, ಅಲ್ಲೇ ಸಂಬಳ.

1933ರಲ್ಲಿ ರಾಟರ್‌ಡ್ಯಾಮ್‌ನ ನೆದರ್‌ಲ್ಯಾಂಡ್ಸ್ ಸ್ಕೂಲ್ ಆಫ್ ಎಕನಾಮಿಕ್ಸ್ ಅವರನ್ನ ಪಾರ್ಟ್‌ಟೈಮ್ ಪ್ರೊಫೆಸರ್ ಆಗಿ ತಗೊಂಡಿತು. ಅದು ಮೊದಲಿಗೆ ವ್ಯಾಪಾರಸ್ಥರು ಸೇರಿ ಕಟ್ಟಿದ ಕಾಮರ್ಸ್ ಕಾಲೇಜು, ಗಮನಿಸಿ. ಆಫೀಸಲ್ಲಿ ಬೆಲೆ, ಕೂಲಿ, ಆಮದಿನ ಅಂಕಿಗಳು. ಕಾಲೇಜಲ್ಲಿ ಅದೇ ಅಂಕಿಗಳ ಹಿಂದಿನ ಗಣಿತ. 1936ರಲ್ಲಿ ಡಚ್ ಆರ್ಥಿಕತೆ ಇಡೀನ ಸಮೀಕರಣಗಳಲ್ಲಿ ಇಟ್ಟು ತೋರಿಸಿದರು. ಒಂದು ದೇಶದ ಇಡೀ ಆರ್ಥಿಕತೆಗೆ ಕಟ್ಟಿದ ಮೊದಲ ಎಕನಾಮೆಟ್ರಿಕ್ ಮಾಡೆಲ್ ಅದು ಅಂತಾರೆ. ಮಹಾ ಆರ್ಥಿಕ ಕುಸಿತದ ಕಾಲ, ನಿರುದ್ಯೋಗ ತಾರಕಕ್ಕೆ ಏರಿತ್ತು. ಕರೆನ್ಸಿ ಬೆಲೆ ಇಳಿಸಿದರೆ ಏನಾಗುತ್ತೆ, ಸರ್ಕಾರ ಕಾಮಗಾರಿಗೆ ಹಣ ಸುರಿದರೆ ಏನಾಗುತ್ತೆ ಅಂತ ಉತ್ತರ ಹುಡುಕೋಕೆ ಕಟ್ಟಿದ್ದು.

1969ರಲ್ಲಿ ಅರ್ಥಶಾಸ್ತ್ರಕ್ಕೆ ಮೊದಲ ಬಾರಿ ನೊಬೆಲ್ ಕೊಟ್ಟಾಗ ಫ್ರಿಶ್ ಮತ್ತು ಟಿನ್‌ಬರ್ಗನ್ ಇಬ್ಬರಿಗೂ ಹಂಚಿದರು. ಟಿನ್‌ಬರ್ಗನ್ ರಾಟರ್‌ಡ್ಯಾಮ್‌ನಲ್ಲಿ ಎಷ್ಟು ವರ್ಷ ಪಾರ್ಟ್‌ಟೈಮ್ ಇದ್ದರು ಅಂದ್ಕೊಂಡ್ರಿ? 1955ರವರೆಗೆ. ಇಪ್ಪತ್ತೆರಡು ವರ್ಷ.

4/11

ಈಗ ಕಲ್ಕತ್ತಾಗೆ ಬರೋಣ. ಅದೇ 30ರ ದಶಕ, ಆದ್ರೆ ಬಡ ದೇಶ, ಬ್ರಿಟಿಷರ ಆಳ್ವಿಕೆ.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಶಾಂತ ಚಂದ್ರ ಮಹಲನೋಬಿಸ್ ಅಂತ ಭೌತಶಾಸ್ತ್ರದ ಪ್ರೊಫೆಸರ್. ಸಂಬಳ ಫಿಸಿಕ್ಸ್‌ಗೆ, ಮನಸ್ಸು ಸ್ಟ್ಯಾಟಿಸ್ಟಿಕ್ಸ್‌ಗೆ. ಫಿಸಿಕ್ಸ್ ವಿಭಾಗದ ಒಂದು ಮೂಲೆಯಲ್ಲೇ "ಸ್ಟ್ಯಾಟಿಸ್ಟಿಕಲ್ ಲ್ಯಾಬೊರೇಟರಿ" ಅಂತ ಶುರು ಮಾಡಿದ್ದರು. 1931ರ ಡಿಸೆಂಬರ್ 17ರಂದು ಅದರಿಂದಲೇ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಐಎಸ್‌ಐ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಓಡಾಡೋರು ಅದರ ಬೆಂಗಳೂರು ಕ್ಯಾಂಪಸ್ ನೋಡಿರ್ತೀರಿ.

ಮೊದಲ ವರ್ಷದ ಖರ್ಚು 250 ರೂಪಾಯಿಗಿಂತ ಕಡಿಮೆ. ಟೈಪಿಂಗ್ ತಪ್ಪಲ್ಲ, ಇನ್ನೂರೈವತ್ತೇ. ಆ ಕಾಲದ ರೂಪಾಯಿಗೆ ಬೆಲೆ ಜಾಸ್ತಿ ಅಂತ ಒಪ್ಪಿಕೊಂಡ್ರೂ ಅದರಲ್ಲಿ ಒಬ್ಬ ಫುಲ್‌ಟೈಮ್ ಪ್ರೊಫೆಸರ್‌ನ ಇಡೋಕೆ ಆಗ್ತಿರಲಿಲ್ಲ. ಸ್ಟ್ಯಾಟಿಸ್ಟಿಕ್ಸ್ ಅಂತ ಬೇರೆ ವಿಭಾಗ ಇಡೀ ಭಾರತದ ಯಾವ ವಿಶ್ವವಿದ್ಯಾಲಯದಲ್ಲೂ ಇರಲಿಲ್ಲ. ಅಂದ್ರೆ ಹುದ್ದೆ ಇಲ್ಲ, ದುಡ್ಡಿಲ್ಲ, ಓದಿ ಬಂದವರೂ ಇಲ್ಲ.

ಮಹಲನೋಬಿಸ್ ಮಾಡಿದ್ದು ಇಷ್ಟೇ: ಬುದ್ಧಿ ಇರೋರನ್ನ ಬೇರೆ ವಿಷಯಗಳಿಂದ ಎಳ್ಕೊಂಡು ಬಂದರು, ಅರ್ಧ ಹೊತ್ತಾದ್ರೂ ಪರವಾಗಿಲ್ಲ ಅಂದರು.

5/11

ಹಾಗೆ ಎಳ್ಕೊಂಡು ಬಂದವರಲ್ಲಿ ನನಗೆ ತುಂಬಾ ಇಷ್ಟವಾದ ಕಥೆ ರಾಜ್‌ಚಂದ್ರ ಬೋಸ್ ಅವರದ್ದು. ಹಡಗಲಿಯ ರಾವ್ ಬರೋಕೆ ಇನ್ನೂ ಎಂಟು ವರ್ಷ ಇದೆ, ಸ್ವಲ್ಪ ತಾಳ್ಮೆ ಇರಲಿ.

ಬೋಸ್ ಚಿಕ್ಕ ವಯಸ್ಸಿನಲ್ಲೇ ತಂದೆ-ತಾಯಿ ಕಳ್ಕೊಂಡು, ಮನೆಪಾಠ ಹೇಳಿ ಸಂಸಾರ ಸಾಗಿಸಿದೋರು. ಓದಿದ್ದು ಜ್ಯಾಮಿತಿ. 1930ರಿಂದ ಕಲ್ಕತ್ತಾದ ಆಶುತೋಷ್ ಕಾಲೇಜಿನಲ್ಲಿ ಸಣ್ಣ ಸಂಬಳದ ಲೆಕ್ಚರರ್. 1932ರ ಡಿಸೆಂಬರ್‌ನಲ್ಲಿ ಒಂದು ದಿನ ಮನೆ ಮುಂದೆ ಕಾರು ಬಂದು ನಿಲ್ತು. ಇಳಿದಿದ್ದು ಮಹಲನೋಬಿಸ್. ಎರಡು ಗುಂಪುಗಳ ನಡುವಿನ "ದೂರ" ಅಳೆಯೋ ಒಂದು ವಿಧಾನದ ಮೇಲೆ ಅವರು ಕೆಲಸ ಮಾಡ್ತಿದ್ದರು, ಅದಕ್ಕೆ ಅನೇಕ ಆಯಾಮಗಳ ಜ್ಯಾಮಿತಿ ಗೊತ್ತಿರೋ ಒಬ್ಬರು ಬೇಕಿತ್ತು. ಬೋಸ್ ಬರೆದ ಲೇಖನಗಳನ್ನ ನೋಡಿಯೇ ಹುಡುಕಿಕೊಂಡು ಬಂದಿದ್ದರು.

ಬೋಸ್‌ಗೆ ಸ್ಟ್ಯಾಟಿಸ್ಟಿಕ್ಸ್‌ನ ಗಂಧಗಾಳಿ ಇರಲಿಲ್ಲ. ಅದನ್ನ ಮುಚ್ಚಿಡಲೂ ಇಲ್ಲ. ಆದ್ರೂ ಪಾರ್ಟ್‌ಟೈಮ್ ಕೆಲಸ ಸಿಕ್ಕಿತು: ಶನಿವಾರಗಳು ಮತ್ತು ಕಾಲೇಜಿನ ರಜೆ ದಿನಗಳು. ಕೈಗೆ ಓದಬೇಕಾದ ಲೇಖನಗಳ ಉದ್ದ ಪಟ್ಟಿ, "ಬಯೋಮೆಟ್ರಿಕಾ" ಪತ್ರಿಕೆಯ ಸಂಪುಟಗಳು, ಫಿಶರ್ ಅವರ ಪುಸ್ತಕ. ಓದ್ಕೊಂಡು ಬನ್ನಿ, ಮುಂದೆ ನೋಡೋಣ.

ಈಗಿನ ನೇಮಕಾತಿ ಫಾರಂನಲ್ಲಿ ಈ ಅರ್ಜಿ ಮೊದಲ ಸುತ್ತಿನಲ್ಲೇ ಬಿದ್ದುಹೋಗ್ತಿತ್ತು. "ಸಂಬಂಧಪಟ್ಟ ವಿಷಯದಲ್ಲಿ ಸ್ನಾತಕೋತ್ತರ ಪದವಿ" ಕಾಲಂ ಖಾಲಿ! ಫಾರಂ ಇರಬಾರದು ಅಂತ ಹೇಳ್ತಿಲ್ಲ. ಫಾರಂ ಇಲ್ಲದಿದ್ರೆ ಯಾರ ಬಾಮೈದ ಬಂದು ಕೂರ್ತಾನೆ ಅಂತ ನಮಗೆ ಚೆನ್ನಾಗಿ ಗೊತ್ತು. ಮಹಲನೋಬಿಸ್ ಆ ಲೇಖನಗಳನ್ನ ಓದಿದ್ದರು ಅನ್ನೋದು ಇಲ್ಲಿ ಮುಖ್ಯ ವಿಷಯ.

ಅದೇ ಬೋಸ್ ಮುಂದೆ ಕಲ್ಕತ್ತಾ ವಿಶ್ವವಿದ್ಯಾಲಯದ ಸ್ಟ್ಯಾಟಿಸ್ಟಿಕ್ಸ್ ವಿಭಾಗದ ಮುಖ್ಯಸ್ಥರಾದರು. 1949ರಲ್ಲಿ ಅಮೆರಿಕಕ್ಕೆ ಹೋದರು. 1959ರಲ್ಲಿ ಇನ್ನಿಬ್ಬರ ಜೊತೆ ಸೇರಿ ಮಹಾ ಗಣಿತಜ್ಞ ಆಯ್ಲರ್‌ನ ಒಂದು ಊಹೆ ತಪ್ಪು ಅಂತ ಸಾಧಿಸಿದಾಗ ನ್ಯೂಯಾರ್ಕ್ ಟೈಮ್ಸ್ ಮೊದಲ ಪುಟದಲ್ಲೇ ಸುದ್ದಿ ಹಾಕಿತು.

6/11

ಈಗ ಹಡಗಲಿಯ ಹುಡುಗ.

ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತ ಎಂಎ, ಫಸ್ಟ್ ಕ್ಲಾಸ್. ಆದ್ರೂ ಕೆಲಸ ಇಲ್ಲ (ಈ ಸಾಲು ಓದಿ ಯಾರಿಗೂ ಆಶ್ಚರ್ಯ ಆಗಲ್ಲ ಅಂದ್ಕೋತೀನಿ). ಎರಡನೇ ಮಹಾಯುದ್ಧದ ಕಾಲ. ಸೇನೆಯ ಸರ್ವೇ ಘಟಕಕ್ಕೆ ಗಣಿತ ಗೊತ್ತಿರೋರು ಬೇಕು ಅಂತ ಸಂದರ್ಶನಕ್ಕೆ ಕಲ್ಕತ್ತಾಗೆ ಹೋದರು. ಆ ಕೆಲಸ ಸಿಗಲಿಲ್ಲ. ಆದ್ರೆ ಉಳ್ಕೊಂಡಿದ್ದ ಹೋಟೆಲಲ್ಲಿ ದಕ್ಷಿಣದವರೊಬ್ಬರು ಪರಿಚಯ ಆದರು. ಅವರು ಐಎಸ್‌ಐಯಲ್ಲಿ ಸ್ಟ್ಯಾಟಿಸ್ಟಿಕ್ಸ್ ತರಬೇತಿ ತಗೊಳ್ತಿದ್ದರು. ರಾವ್ ಹೋಗಿ ನೋಡಿದರು, ಅರ್ಜಿ ಹಾಕಿದರು, 1941ರ ಜನವರಿ 1ರಂದು ಸೇರಿಕೊಂಡರು.

ಅದೇ ವರ್ಷ ಕಲ್ಕತ್ತಾ ವಿಶ್ವವಿದ್ಯಾಲಯ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಸ್ನಾತಕೋತ್ತರ ಕೋರ್ಸ್ ಶುರು ಮಾಡ್ತು. ದೇಶದಲ್ಲೇ ಮೊದಲನೇದು. ವಿಭಾಗಕ್ಕೆ ಮಹಲನೋಬಿಸ್ ಗೌರವ ಮುಖ್ಯಸ್ಥರು. ಪಾಠ ಮಾಡೋಕೆ ಬಂದವರಲ್ಲಿ ಹೆಚ್ಚಿನವರು ಐಎಸ್‌ಐಯವರೇ, ಅಲ್ಲಿನ ಕೆಲಸದ ಜೊತೆಗೆ ಇಲ್ಲೂ. ಅಂದ್ರೆ ಇವತ್ತಿನ ಮಾತಲ್ಲಿ ಹೇಳೋದಾದ್ರೆ ಭಾರತದ ಮೊದಲ ಸ್ಟ್ಯಾಟಿಸ್ಟಿಕ್ಸ್ ವಿಭಾಗ ನಿಂತಿದ್ದೇ ಗೆಸ್ಟ್ ಫ್ಯಾಕಲ್ಟಿ ಮೇಲೆ.

ರಾವ್ ಮೊದಲ ಬ್ಯಾಚಿನ ವಿದ್ಯಾರ್ಥಿ. 1943ರಲ್ಲಿ ಫಸ್ಟ್ ಕ್ಲಾಸ್ ಫಸ್ಟ್, ಚಿನ್ನದ ಪದಕ. ಪಾಸಾದ ಕೂಡಲೇ ಐಎಸ್‌ಐಯಲ್ಲಿ ಟೆಕ್ನಿಕಲ್ ಅಪ್ರೆಂಟಿಸ್ ಕೆಲಸ, ಜೊತೆಗೆ ತಾನು ಕೂತಿದ್ದ ತರಗತಿಯಲ್ಲೇ ಪಾರ್ಟ್‌ಟೈಮ್ ಪಾಠ.

ಹೊರಗಡೆ ಏನಾಗ್ತಿತ್ತು ಅಂತಲೂ ನೆನಪಿರಲಿ. 1943 ಅಂದ್ರೆ ಬಂಗಾಳದ ಬರ. ಲಕ್ಷಾಂತರ ಜನ ಹಸಿವಿನಿಂದ ಸತ್ತ ವರ್ಷ. ಬರದ ನಂತರ ಹಳ್ಳಿಗಳಲ್ಲಿ ಯಾರ ಜಮೀನು ಕೈಬಿಟ್ಟಿತು, ಯಾರು ದಿಕ್ಕಿಲ್ಲದೆ ಹೋದರು ಅಂತ ಸ್ಯಾಂಪಲ್ ಸರ್ವೇ ಮಾಡಿದ್ದೂ ಇದೇ ಐಎಸ್‌ಐ. ಇಲ್ಲಿ "ಎಸ್ಟಿಮೇಶನ್" ಅನ್ನೋದು ಬರೀ ಪರೀಕ್ಷೆಯ ಪ್ರಶ್ನೆ ಆಗಿರಲಿಲ್ಲ.

7/11

1944. ರಾವ್‌ಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಎಂಎ ವಿದ್ಯಾರ್ಥಿಗಳಿಗೆ ಎಸ್ಟಿಮೇಶನ್ ಪಾಠ ಮಾಡ್ತಿದ್ದಾರೆ.

ಮುಂದೆ ನಡೆದಿದ್ದನ್ನ ರಾವ್ ಅವರೇ ಆಮೇಲೆ ಹಲವು ಸಲ ಹೇಳಿಕೊಂಡಿದ್ದಾರೆ. ಇಂಗ್ಲೆಂಡಿನ ಫಿಶರ್ ಅವರ ಒಂದು ಫಲಿತಾಂಶ ವಿವರಿಸ್ತಿದ್ದರು: ಸ್ಯಾಂಪಲ್ ತುಂಬಾ ದೊಡ್ಡದಾದಾಗ ಅಂದಾಜಿನ ವೇರಿಯನ್ಸ್ ಒಂದು ಮಟ್ಟಕ್ಕಿಂತ ಕೆಳಗೆ ಹೋಗಲ್ಲ ಅಂತ. ಒಬ್ಬ ವಿದ್ಯಾರ್ಥಿ ಕೇಳಿದ: ಇದನ್ನ ಸಣ್ಣ ಸ್ಯಾಂಪಲ್‌ಗೂ ಯಾಕೆ ಸಾಧಿಸಬಾರದು?

ಮೇಷ್ಟ್ರ ಹತ್ತಿರ ಉತ್ತರ ಇರಲಿಲ್ಲ. "ಸಿಲೆಬಸ್‌ನಲ್ಲಿಲ್ಲ, ಕೂತ್ಕೋ" ಅನ್ನಲೂ ಇಲ್ಲ. ಮನೆಗೆ ಹೋಗಿ ರಾತ್ರಿಯೆಲ್ಲ ಕೂತು ಬಿಡಿಸಿದರು. ಮರುದಿನ ಉತ್ತರ ಸಿದ್ಧವಾಗಿತ್ತು.

ಪ್ರಶ್ನೆ ಕೇಳಿದ ವಿದ್ಯಾರ್ಥಿ ವಿ. ಎಂ. ದಾಂಡೇಕರ್, ಮಹಾರಾಷ್ಟ್ರದವರು. ಅವರು ಹುಟ್ಟಿದ್ದೂ 1920ರಲ್ಲೇ, ಜುಲೈನಲ್ಲಿ. ಅಂದ್ರೆ ಮೇಷ್ಟ್ರಿಗಿಂತ ವಿದ್ಯಾರ್ಥಿಯೇ ಎರಡು ತಿಂಗಳು ದೊಡ್ಡೋರು! ಬಹುಶಃ ಅದಕ್ಕೇ ಪ್ರಶ್ನೆ ಕೇಳೋಕೆ ಹೆದರಿಕೆ ಆಗಲಿಲ್ಲವೇನೋ. ನನ್ನ ಊಹೆ ಅಷ್ಟೇ.

1945ರಲ್ಲಿ ಆ ಫಲಿತಾಂಶ ಕಲ್ಕತ್ತಾ ಮ್ಯಾಥಮ್ಯಾಟಿಕಲ್ ಸೊಸೈಟಿಯ ಬುಲೆಟಿನ್‌ನಲ್ಲಿ ಅಚ್ಚಾಯ್ತು. ಒಟ್ಟು ಹನ್ನೊಂದು ಪುಟದ ಲೇಖನ. ಅದೇ ಲೇಖನದಲ್ಲಿ ಮುಂದೆ "ರಾವ್–ಬ್ಲ್ಯಾಕ್‌ವೆಲ್" ಅಂತ ಹೆಸರಾದ ಇನ್ನೊಂದು ಪ್ರಮೇಯವೂ ಇತ್ತು. ಸ್ವೀಡನ್ನಿನ ಹರಾಲ್ಡ್ ಕ್ರಾಮೇರ್ ತಾವಾಗಿಯೇ ಅದೇ ಅಸಮಾನತೆಯನ್ನ ಕಂಡುಕೊಂಡು 1946ರ ತಮ್ಮ ಪುಸ್ತಕದಲ್ಲಿ ಕೊಟ್ಟರು. ಫ್ರಾನ್ಸಿನ ಮೊರಿಸ್ ಫ್ರೆಶೆ 1943ರಲ್ಲೇ ಹತ್ತಿರ ಬಂದಿದ್ದರು. ಯುದ್ಧದ ಕಾಲ, ಒಬ್ಬರು ಬರೆದಿದ್ದು ಇನ್ನೊಬ್ಬರಿಗೆ ತಲುಪ್ತಿರಲಿಲ್ಲ. ಕೊನೆಗೆ ನಿಂತಿದ್ದು ಕ್ರಾಮೇರ್–ರಾವ್ ಅನ್ನೋ ಹೆಸರು.

8/11

ಸರಿ, ಆ ಸೂತ್ರ ಹೇಳೋದೇನು? ನಮ್ಮ ಬಿಕಾಂ ಲೆವೆಲ್‌ಗೆ ಇಳಿಸ್ತೀನಿ. ಸ್ಟ್ಯಾಟಿಸ್ಟಿಕ್ಸ್‌ನವರು ಯಾರಾದ್ರೂ ಓದ್ತಿದ್ರೆ ಸ್ವಲ್ಪ ಕ್ಷಮೆ ಇರಲಿ.

ನಿಮ್ಮೂರಿನ ಆಟೋ ಡ್ರೈವರ್‌ಗಳ ಸರಾಸರಿ ದಿನದ ದುಡಿಮೆ ಎಷ್ಟು ಅಂತ ತಿಳೀಬೇಕು. ಎಲ್ಲರನ್ನೂ ಕೇಳೋಕಾಗಲ್ಲ, 50 ಜನರನ್ನ ಕೇಳಿದ್ರಿ. ಆ 50 ಅಂಕಿಗಳಿಂದ ಒಂದು ಅಂದಾಜು ತೆಗೀಬೇಕು. ಮೀನ್ ತೆಗೀತೀರಾ, ಮೀಡಿಯನ್ ತೆಗೀತೀರಾ, ಅಥವಾ ನೀವೇ ಒಂದು ಹೊಸ ಜಾಣ ಸೂತ್ರ ಕಂಡುಹಿಡೀತೀರಾ? ಬೇರೆ 50 ಜನರನ್ನ ಕೇಳಿದ್ರೆ ಅಂದಾಜು ಸ್ವಲ್ಪ ಬೇರೆ ಬರುತ್ತೆ. ಆ ಓಲಾಟವೇ ವೇರಿಯನ್ಸ್. ಕಡಿಮೆ ಓಲಾಡಿದಷ್ಟೂ ಒಳ್ಳೇದು.

ರಾವ್ ಹೇಳಿದ್ದು: ನಿಮ್ಮ ಸೂತ್ರ ಎಷ್ಟೇ ಜಾಣತನದ್ದಾಗಿರಲಿ, ಅದು ಪಕ್ಷಪಾತ ಇಲ್ಲದ್ದಾಗಿದ್ರೆ, ಓಲಾಟಕ್ಕೆ ಒಂದು ತಳ ಇದೆ. ಅದಕ್ಕಿಂತ ಕೆಳಗೆ ಯಾರೂ ಇಳಿಯೋಕಾಗಲ್ಲ. ಆ ತಳ ಎಲ್ಲಿದೆ ಅನ್ನೋದು ಡೇಟಾದಲ್ಲಿ ಎಷ್ಟು ಮಾಹಿತಿ ಇದೆ ಅನ್ನೋದರ ಮೇಲೆ ನಿಂತಿದೆ, ನಿಮ್ಮ ಬುದ್ಧಿವಂತಿಕೆ ಮೇಲಲ್ಲ.

ಅಂಕಿಗಳು ನಾರ್ಮಲ್ ಕರ್ವ್ ಥರ ಹರಡಿದ್ದರೆ, ನಾವು ಲೆಕ್ಕ ಹಾಕ್ತಿರೋ ಮಾಮೂಲಿ ಮೀನ್ ಆ ತಳವನ್ನ ಮುಟ್ಟುತ್ತೆ. ಮೀಡಿಯನ್ ಮುಟ್ಟಲ್ಲ: ದೊಡ್ಡ ಸ್ಯಾಂಪಲ್‌ನಲ್ಲಿ ಅದರ ವೇರಿಯನ್ಸ್ ಸುಮಾರು 1.57 ಪಟ್ಟು. ಮೀನ್‌ನಿಂದ ಇನ್ನೂ ಕರಾರುವಾಕ್ಕಾದ ಉತ್ತರ ಬೇಕಾ? ಇನ್ನಷ್ಟು ಜನರನ್ನ ಹೋಗಿ ಕೇಳಿ, ಬೇರೆ ದಾರಿ ಇಲ್ಲ. ಸ್ಟ್ಯಾಂಡರ್ಡ್ ಎರರ್ ಅರ್ಧ ಆಗಬೇಕು ಅಂದ್ರೆ ನಾಲ್ಕು ಪಟ್ಟು ಜನ.

ಎಕನಾಮೆಟ್ರಿಕ್ಸ್‌ಗೆ ಇದು ಯಾಕೆ ಬೇಕು ಅಂದ್ರೆ, ಅಲ್ಲಿ ರಿಗ್ರೆಷನ್ ಗೆರೆ ಎಳೆಯೋಕೆ ಹತ್ತು ಥರದ ವಿಧಾನ ಇವೆ. ಯಾವುದು ಒಳ್ಳೇದು ಅಂತ ಹೇಳೋಕೆ ಒಂದು ಅಳತೆಗೋಲು ಬೇಕು. ಆ ತಳವೇ ಅಳತೆಗೋಲು. ಕ್ಲಾಸಲ್ಲಿ ಕೈಯಲ್ಲಿ ಲೆಕ್ಕ ಮಾಡಿಸ್ತಾರಲ್ಲ ಲೀಸ್ಟ್ ಸ್ಕ್ವೇರ್ಸ್, ತಪ್ಪುಗಳು ನಾರ್ಮಲ್ ಆಗಿ ಹರಡಿದ್ದಾಗ ಅದೂ ಆ ತಳ ಮುಟ್ಟುತ್ತೆ.

9/11

ಆಮೇಲೆ ಇಬ್ಬರೂ ಏನಾದರು?

ದಾಂಡೇಕರ್ ಪುಣೆಯ ಗೋಖಲೆ ಇನ್‌ಸ್ಟಿಟ್ಯೂಟ್ ಸೇರಿದರು, ಮುಂದೆ ಅದರ ನಿರ್ದೇಶಕರಾದರು. 1971ರಲ್ಲಿ ನೀಲಕಂಠ ರಥ್ ಜೊತೆ ಸೇರಿ "ಪಾವರ್ಟಿ ಇನ್ ಇಂಡಿಯಾ" ಪ್ರಕಟಿಸಿದರು. ದಿನಕ್ಕೆ ತಲಾ 2,250 ಕ್ಯಾಲೊರಿ ಊಟ ಕೊಳ್ಳೋಕೂ ಸಾಲದಷ್ಟು ಖರ್ಚು ಮಾಡ್ತಿರೋರು ಬಡವರು, ಅವರೆಷ್ಟು ಜನ ಅಂತ ಲೆಕ್ಕ ಹಾಕಿದ ಕೃತಿ. ಭಾರತೀಯ ಎಕನಾಮಿಕ್ಸ್ ಪಠ್ಯದಲ್ಲಿ "ಬಡತನ ರೇಖೆ" ಪಾಠ ಬಂದಾಗ ದಾಂಡೇಕರ್–ರಥ್ ಅಂತ ಒಂದು ಹೆಸರು ಬಾಯಿಪಾಠ ಮಾಡಿರ್ತೀರಿ. ಅದೇ ದಾಂಡೇಕರ್. ಅವರು ಬಳಸಿದ ಅಂಕಿಗಳು ರಾಷ್ಟ್ರೀಯ ಸ್ಯಾಂಪಲ್ ಸರ್ವೇಯವು. 1950ರಲ್ಲಿ ಆ ಸರ್ವೇ ಶುರು ಮಾಡಿದ್ದರ ಹಿಂದೆ ಇದ್ದವರು ಮಹಲನೋಬಿಸ್.

ರಾವ್ 1946ರಲ್ಲಿ ಕೇಂಬ್ರಿಜ್‌ಗೆ ಹೋದರು. ಕೆಲಸ ಅಲ್ಲಿನ ಮ್ಯೂಸಿಯಂನಲ್ಲಿ, ಸುಡಾನ್‌ನ ಹಳೇ ಸಮಾಧಿಗಳಿಂದ ತಂದ ಮೂಳೆಗಳನ್ನ ಅಳೆಯೋದು. ಜೊತೆಗೆ ಫಿಶರ್ ಬಳಿ ಪಿಎಚ್‌ಡಿ. (ಇಲ್ಲೂ ಒಂದು ಕೆಲಸ, ಪಕ್ಕದಲ್ಲಿ ಇನ್ನೊಂದು!) 1948ರಲ್ಲಿ ಅವರು ಕೊಟ್ಟ "ಸ್ಕೋರ್ ಟೆಸ್ಟ್" ಎಕನಾಮೆಟ್ರಿಕ್ಸ್‌ನಲ್ಲಿ ಲಗ್ರಾಂಜ್ ಮಲ್ಟಿಪ್ಲಯರ್ ಟೆಸ್ಟ್ ಅನ್ನೋ ಹೆಸರಲ್ಲಿ ಓಡಾಡುತ್ತೆ. ಎಂಎ ಎಕನಾಮಿಕ್ಸ್ ಮಾಡೋ ಅಕ್ಕಂದಿರು ಅಣ್ಣಂದಿರು ಕಂಪ್ಯೂಟರ್‌ನಲ್ಲಿ ಬ್ರೂಶ್–ಪೇಗನ್ ಟೆಸ್ಟ್ ಹಾಕ್ತಾರಲ್ಲ, 1979ರದ್ದು, ಅದು ಇದೇ ಬಳ್ಳಿಯ ಕಾಯಿ.

2023ರಲ್ಲಿ ಸ್ಟ್ಯಾಟಿಸ್ಟಿಕ್ಸ್‌ನ ನೊಬೆಲ್ ಅಂತ ಕರೆಯೋ ಇಂಟರ್‌ನ್ಯಾಷನಲ್ ಪ್ರೈಜ್ ಇನ್ ಸ್ಟ್ಯಾಟಿಸ್ಟಿಕ್ಸ್ ರಾವ್‌ಗೆ ಬಂತು. ಆ ಸಂದರ್ಭದಲ್ಲಿ ಎಲ್ಲರೂ ನೆನೆಸಿಕೊಂಡಿದ್ದು ಅದೇ 1945ರ ಹನ್ನೊಂದು ಪುಟ. ಅದೇ ವರ್ಷದ ಆಗಸ್ಟ್ 22ರಂದು ಅಮೆರಿಕದ ಬಫಲೋದಲ್ಲಿ ತೀರಿಕೊಂಡರು. 102 ವರ್ಷ.

10/11

ಇಲ್ಲಿಗೆ ನಿಲ್ಲಿಸಿದ್ರೆ ಚೆನ್ನಾಗಿರುತ್ತೆ. "ನೋಡಿ, ಗೆಸ್ಟ್ ಲೆಕ್ಚರರ್ ಆಗಿದ್ದೋರೇ ಎಷ್ಟು ಎತ್ತರಕ್ಕೆ ಹೋದ್ರು, ಮನಸ್ಸಿದ್ರೆ ಮಾರ್ಗ" ಅಂತ ಒಂದು ಸಾಲು ಹಾಕಿ, ನೀವು ಲೈಕ್ ಒತ್ತಿ ಮುಂದೆ ಹೋಗಬಹುದು. ಆದ್ರೆ ಹಾಗೆ ಹೇಳಿದ್ರೆ ಇತಿಹಾಸಕ್ಕೆ ಮೋಸ.

ಇನ್ನೊಂದ್ಸಲ ಹಿಂದೆ ಹೋಗಿ. ಟಿನ್‌ಬರ್ಗನ್ ರಾಟರ್‌ಡ್ಯಾಮ್‌ಗೆ ಪಾರ್ಟ್‌ಟೈಮ್, ಆದ್ರೆ ಅಂಕಿ-ಅಂಶ ಕಚೇರಿಗೆ ಫುಲ್‌ಟೈಮ್. ಬೋಸ್ ಲ್ಯಾಬಿಗೆ ಶನಿವಾರ ಬರ್ತಿದ್ದರು, ಸಂಬಳ ಸಣ್ಣದಾದ್ರೂ ಆಶುತೋಷ್ ಕಾಲೇಜಿನಲ್ಲಿ ಕೆಲಸ ಇತ್ತು. ರಾವ್ ವಿಶ್ವವಿದ್ಯಾಲಯಕ್ಕೆ ಪಾರ್ಟ್‌ಟೈಮ್, ಆದ್ರೆ ಐಎಸ್‌ಐಯಲ್ಲಿ ಅವರಿಗೆ ಮೇಜಿತ್ತು, ಲೈಬ್ರರಿ ಇತ್ತು, ಸುತ್ತ ಅದೇ ತಲೆನೋವು ಹಚ್ಚಿಕೊಂಡ ಜನ ಇದ್ದರು. ಐಎಸ್‌ಐ ಏನೂ ಸಿರಿವಂತ ಸಂಸ್ಥೆ ಆಗಿರಲಿಲ್ಲ, ಸರ್ವೇ ಕೆಲಸಕ್ಕೆ ಬರೋ ಅನುದಾನದಲ್ಲೇ ದಿನ ತಳ್ಳಬೇಕಿತ್ತು. ಆದ್ರೂ ನಿಲ್ಲೋಕೆ ಒಂದು ನೆಲ ಇತ್ತು. ರಾತ್ರಿಯೆಲ್ಲ ಒಂದು ಪ್ರಶ್ನೆ ಜೊತೆ ಕೂರೋಕೆ ಮರುದಿನದ ಅಕ್ಕಿ ಚಿಂತೆ ಇರಬಾರದು.

ಆಗ ಪಾರ್ಟ್‌ಟೈಮ್ ಅಂದ್ರೆ ಹೊರಗಿನ ಅನುಭವವನ್ನ ಕ್ಲಾಸಿಗೆ ತರೋ ದಾರಿ. ಈಗ ನಮ್ಮಲ್ಲಿ ಅದು ಖಾಲಿ ಹುದ್ದೆ ತುಂಬದೆ ಕಾಲ ತಳ್ಳೋ ದಾರಿ. ಹೆಸರೊಂದೇ, ವ್ಯವಸ್ಥೆ ಬೇರೆ.

ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳಲ್ಲಿ 2021ರಲ್ಲಿ ಅತಿಥಿ ಉಪನ್ಯಾಸಕರು ಹತ್ತು ಸಾವಿರಕ್ಕೂ ಹೆಚ್ಚು ಇದ್ದರು. 2021ರ ಕೊನೆಯಲ್ಲಿ ಅವರು ತರಗತಿ ಬಹಿಷ್ಕರಿಸಿ ಬೀದಿಗಿಳಿದಾಗ ಅವರ ತಿಂಗಳ ಗೌರವಧನ 11ರಿಂದ 13 ಸಾವಿರ. ಮತ್ತೆ ಹೇಳ್ತೀನಿ, ಎಂಎ, ಎಂಕಾಂ, ಕೆಲವರಿಗೆ ಪಿಎಚ್‌ಡಿ; ತಿಂಗಳಿಗೆ 13 ಸಾವಿರ. 2022ರ ಜನವರಿಯಲ್ಲಿ ಸರ್ಕಾರ ಅದನ್ನ ಅರ್ಹತೆ, ಅನುಭವ ನೋಡಿ 26ರಿಂದ 32 ಸಾವಿರಕ್ಕೆ ಏರಿಸಿತು. ಜೊತೆಗೆ ವಾರದ ಪಾಠವನ್ನ 15 ಗಂಟೆಗೆ ಏರಿಸಿತು. ಕಾಸ್ಟ್ ಅಕೌಂಟಿಂಗ್ ಓದಿದೋರು ಲೆಕ್ಕ ಹಾಕಿ: ಒಬ್ಬರ ಗಂಟೆ ಹೆಚ್ಚಾದ್ರೆ ಅಷ್ಟೇ ಪಾಠಕ್ಕೆ ಎಷ್ಟು ಜನ ಸಾಕು? ಸಂಬಳ ಏರಿದ ಖುಷಿ ಒಂದು ಮನೆಯಲ್ಲಿ, ಕೆಲಸ ಹೋದ ಸುದ್ದಿ ಪಕ್ಕದ ಮನೆಯಲ್ಲಿ. 2023ರ ಕೊನೆಗೆ ಸೇವೆ ಕಾಯಂ ಮಾಡಿ ಅಂತ ಮತ್ತೆ ಧರಣಿ ಕೂತರು.

ಯುಜಿಸಿಯದೇ 2019ರ ಸುತ್ತೋಲೆ ಇದೆ: ಅತಿಥಿ ಉಪನ್ಯಾಸಕರಿಗೆ ಒಂದು ತರಗತಿಗೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000. ಗುತ್ತಿಗೆ ಶಿಕ್ಷಕರು ಒಟ್ಟು ಹುದ್ದೆಗಳ 10% ದಾಟಬಾರದು ಅಂತ 2018ರ ನಿಯಮವೂ ಇದೆ. ನಿಮ್ಮ ಕಾಲೇಜಿನ ಸ್ಟಾಫ್ ಲಿಸ್ಟ್ ಪಕ್ಕದಲ್ಲಿಟ್ಟು ನೋಡಿ.

11/11

ಒಂದು ಮಾತು ಕೇಳೋರಿದ್ದಾರೆ: "ದುಡ್ಡು ಕಡಿಮೆ ಸರಿ, ಆದ್ರೆ ಪಾಠ ನಡೀತಿದೆಯಲ್ಲ?"

ನಡೀತಿದೆ. ನನಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಟ್ಟವರೂ ಗೆಸ್ಟೇ. ರಿಗ್ರೆಷನ್‌ನ ಎರಡು ಗೆರೆ ಯಾಕೆ ಬರುತ್ತೆ, ಒಂದೇ ಯಾಕಲ್ಲ ಅಂತ ಬೋರ್ಡ್ ಮೇಲೆ ಅವರಷ್ಟು ಚೆನ್ನಾಗಿ ಯಾರೂ ತೋರಿಸಿಲ್ಲ. ಬೆಳಗ್ಗೆ ನಮ್ಮ ಕಾಲೇಜು, ಮಧ್ಯಾಹ್ನ ಇನ್ನೊಂದು, ಸಂಜೆ ಟ್ಯೂಷನ್. ಕ್ಲಾಸ್ ಮುಗಿದ ಮೇಲೆ ಡೌಟ್ ಕೇಳಬೇಕು ಅಂದ್ರೆ ಬಸ್‌ಸ್ಟಾಪ್‌ವರೆಗೂ ಜೊತೆಗೆ ನಡ್ಕೊಂಡು ಹೋಗಬೇಕು. ಬಸ್ ಬಂದ್ರೆ ಡೌಟ್ ಅರ್ಧಕ್ಕೆ. ಮುಂದಿನ ಸೆಮಿಸ್ಟರ್‌ಗೆ ಅವರ ಲಿಸ್ಟ್ ಬರೋ ಹೊತ್ತಿಗೆ ಒಂದು ಯೂನಿಟ್ ಮುಗಿದಿರಬೇಕಿತ್ತು. ರಜೆಯಲ್ಲಿ ಗೌರವಧನ ಇಲ್ಲ, ಅಂದ್ರೆ ಬೋಸ್ ಕೂತು ಓದಿದ ಆ ರಜೆ ದಿನಗಳಲ್ಲಿ ಇವರು ಬೇರೆ ಕೂಲಿ ಹುಡುಕಬೇಕು.

ದಾಂಡೇಕರ್ ಕೇಳಿದಂಥ ಪ್ರಶ್ನೆ ನಮ್ಮ ಕ್ಲಾಸಲ್ಲೂ ಯಾರೋ ಕೇಳಬಹುದು. ನಮ್ಮ ಸರ್‌ಗೂ ಅದನ್ನ ಮನೆಗೆ ಹೊತ್ಕೊಂಡು ಹೋಗೋ ಆಸೆ ಇದೆ, ಮುಖ ನೋಡಿದ್ರೆ ಗೊತ್ತಾಗುತ್ತೆ. ಮನೆ ತಲುಪೋದು ರಾತ್ರಿ ಒಂಬತ್ತಕ್ಕೆ.

ಹಡಗಲಿ ಕಡೆಯವರು ಯಾರಾದ್ರೂ ಇದ್ರೆ ಒಂದು ವಿಷಯ ತಿಳಿಸಿ: ಊರಲ್ಲಿ ಸಿ. ಆರ್. ರಾವ್ ಹೆಸರಲ್ಲಿ ರಸ್ತೆನೋ, ಶಾಲೆ ಕೊಠಡಿನೋ, ಏನಾದ್ರೂ ಇದೆಯಾ? ಫೋಟೋ ಇದ್ರೆ ಕಳಿಸಿ, ಹಾಕ್ತೀನಿ.

ಉಳಿದವರು ಕಾಮೆಂಟಲ್ಲಿ ಬರೀರಿ: ನಿಮಗೆ ಸ್ಟ್ಯಾಟಿಸ್ಟಿಕ್ಸ್ ಅಥವಾ ಎಕನಾಮಿಕ್ಸ್ ಹೇಳಿಕೊಡೋ ಗೆಸ್ಟ್ ಲೆಕ್ಚರರ್ ದಿನಕ್ಕೆ ಎಷ್ಟು ಕಡೆ ಪಾಠ ಮಾಡ್ತಾರೆ? ಅವರ ಹೆಸರು, ಕಾಲೇಜಿನ ಹೆಸರು ಮಾತ್ರ ಹಾಕಬೇಡಿ. ಮುಂದಿನ ವರ್ಷದ ಲಿಸ್ಟ್ ಇನ್ನೂ ಬಂದಿಲ್ಲ.